ಆಚೆ ದಡಕ್ಕೆ ಕಳಿಸದ ರೋಗಿ

ಕರೆ ಬಂದಾಗ ನಾನು ಬೆಳಗಾವಿಯ ಆಸ್ಪತ್ರೆಯೊಂದರ ಪುರುಷರ ವಾರ್ಡಿನಲ್ಲಿದ್ದೆ. ಎಂ.ಡಿ. ಎರಡನೇ ವರ್ಷ. ಬೆಳಗಿನ ರೌಂಡ್ಸ್ ನಡೆದಿತ್ತು. ಫೋನ್ ಮಾಡಿದವರು ನಮ್ಮ ತುಕಡಿಯ ಸುಬೇದಾರರು. ಮರುದಿನ ಬೆಳಿಗ್ಗೆ ಆರಕ್ಕೆ ಸಮವಸ್ತ್ರದಲ್ಲಿ ಹಾಜರಿರಬೇಕು ಎಂದಷ್ಟೇ ಹೇಳಿದರು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಅದು 2019ರ ಆಗಸ್ಟ್. ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಒಟ್ಟಿಗೆ ಏರಿದ್ದವು. ಅಂಕಲಿಯ ನಮ್ಮ ಮನೆಯವರು ಎಮ್ಮೆಗಳನ್ನು ಹೊಡೆದುಕೊಂಡು ಆಗಲೇ ಚಿಕ್ಕೋಡಿಯ ಸಂಬಂಧಿಕರ ಮನೆ ಸೇರಿದ್ದರು.

ನಾನು ಪ್ರಾದೇಶಿಕ ಸೇನೆಯಲ್ಲಿ ನಾಯಕ್. ತೋಳಿನ ಮೇಲೆ ಎರಡು ಪಟ್ಟಿ. ತಮ್ಮ ತಮ್ಮ ಉದ್ಯೋಗದಲ್ಲಿದ್ದುಕೊಂಡೇ ವರ್ಷಕ್ಕೆ ಕೆಲವು ವಾರ ತರಬೇತಿ ಪಡೆದು, ಕರೆದಾಗ ಹೋಗುವವರ ಸೇನೆ ಅದು. ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಭರ್ತಿಯಾಗಿದ್ದೆ. ಆಮೇಲೆ ವೈದ್ಯಕೀಯ ಸೀಟು ಸಿಕ್ಕಿತು. ಇನ್ನು ಬಿಡಬೇಕು, ಈ ಕ್ಯಾಂಪು ಮುಗಿದ ಮೇಲೆ ಬಿಡಬೇಕು ಎನ್ನುತ್ತಲೇ ಏಳೆಂಟು ವರ್ಷ ರಜೆಯ ದಿನಗಳನ್ನೆಲ್ಲ ಡೇರೆಯಲ್ಲಿ ಕಳೆದೆ. ಬಿಡಲಿಲ್ಲ.

ರಜೆಯ ಅರ್ಜಿ ಹಿಡಿದು ಹೋದಾಗ ನಮ್ಮ ಪ್ರೊಫೆಸರರು ಅದನ್ನು ಎರಡು ಸಲ ಓದಿದರು. ಹೋಗುವಷ್ಟು ದಿನ ಕೋರ್ಸು ಮುಂದಕ್ಕೆ ಹೋಗುತ್ತದೆ, ಗೊತ್ತಿದೆಯಲ್ಲ ಎಂದರು. ಗೊತ್ತಿದೆ ಎಂದೆ. ಸಹಿ ಹಾಕಿ, ತಲೆ ಎತ್ತದೆ, "ಎರಡೂ ಕಡೆ ಅರ್ಧರ್ಧ ಇದ್ದೀಯಪ್ಪ ನೀನು" ಎಂದರು. ಬೈಗುಳವಾಗಿರಲಿಲ್ಲ. ಕೇಸ್ ಶೀಟಿನಲ್ಲಿ ಬರೆಯುವ ಒಂದು ಟಿಪ್ಪಣಿಯಂತಿತ್ತು.

ನಮ್ಮ ದೋಣಿಗೆ ಒಪ್ಪಿಸಿದ್ದು ಸದಲಗಾ ಮತ್ತು ನಿಪ್ಪಾಣಿಯ ನಡುವೆ ದೂಧಗಂಗೆಯ ದಂಡೆಯಲ್ಲಿರುವ ಒಂದು ಹಳ್ಳಿ. ಊರಿನ ಎತ್ತರದ ಭಾಗದಲ್ಲಿ ಶಾಲೆ. ಅದೇ ಗಂಜಿ ಕೇಂದ್ರ, ಅದೇ ದವಾಖಾನೆ, ಅದೇ ನಮ್ಮ ಠಾಣೆ. ಶಾಲೆಯಿಂದ ಚಿಕ್ಕೋಡಿಯ ರಸ್ತೆ ಮುಟ್ಟಬೇಕಾದರೆ ಎರಡು ಕಿಲೋಮೀಟರಿನಷ್ಟು ನೀರು ದಾಟಬೇಕು. ನಡುವೆ ಒಂದು ಹಳ್ಳವಿತ್ತು. ಅದು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ದೋಣಿಯ ಮೂತಿ ಅಲ್ಲಿ ತಾನಾಗಿ ತಿರುಗಿಬಿಡುತ್ತಿತ್ತು.

ನನ್ನ ಜಾಗ ದೋಣಿಯ ಮುಂಭಾಗ. ಬಿದಿರಿನ ಗಳ ಇಳಿಸಿ ಆಳ ನೋಡುವುದು, ಮುಳುಗಿದ ವಿದ್ಯುತ್ ತಂತಿಗಳನ್ನು ಕಂಡು ಕೂಗುವುದು, ಹತ್ತಿದವರನ್ನು ಎಣಿಸಿ ಜಾಕೆಟ್ಟಿನ ಪಟ್ಟಿ ಬಿಗಿಯುವುದು. ಕಬ್ಬಿನ ಗದ್ದೆಯ ಮೇಲೆ ಹೋಗುವಾಗ ಇಂಜಿನ್ನಿನ ಪಂಖಕ್ಕೆ ಒಣ ಗರಿ, ಅಂದರೆ ನಮ್ಮ ಕಡೆಯ ರವದಿ, ಸುತ್ತಿಕೊಳ್ಳುತ್ತಿತ್ತು. ಇಂಜಿನ್ ನಿಲ್ಲಿಸಿ, ಎತ್ತಿ, ಕುಡುಗೋಲಿನಿಂದ ಕೊಯ್ದು ತೆಗೆಯಬೇಕು. ಅಷ್ಟರಲ್ಲಿ ದೋಣಿ ಎಲ್ಲಿಗೋ ಹೋಗಿರುತ್ತಿತ್ತು. ಹಿಂದೆ ಇಂಜಿನ್ ಹಿಡಿಯುತ್ತಿದ್ದವರು ಸುಬೇದಾರರೇ. ಕಾಗವಾಡದ ಕಡೆಯವರು. ವರ್ಷದ ಉಳಿದ ದಿನಗಳಲ್ಲಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತರು. ತುಕಡಿಯಲ್ಲಿ ಎಲ್ಲರೂ ನನ್ನನ್ನು ಡಾಕ್ಟರ ಎಂದೇ ಕರೆಯುತ್ತಿದ್ದರು, ಆದರೆ ಅದು ತಮಾಷೆಯ ಹೆಸರು. ಔಷಧಿಯ ಕೆಲಸಕ್ಕೆ ಬೇರೆ ಜವಾನನಿದ್ದ. ಅವನು ಇನ್ನೊಂದು ದೋಣಿಯ ಜೊತೆ ಹೋಗಿದ್ದ.

ಮೂರನೇ ದಿನ ಬೆಳಿಗ್ಗೆ ಊರ ತಗ್ಗಿನಲ್ಲಿದ್ದ ತಂಬಾಕಿನ ವಖಾರದಿಂದ ಮೂವರು ಹಮಾಲರನ್ನು ಕರೆತಂದೆವು. ವಖಾರವೆಂದರೆ ತಂಬಾಕು ತುಂಬಿದ ಚೀಲಗಳ ಗೋದಾಮು. ನೀರು ಒಳಗೆ ಬಂದಾಗಿನಿಂದ ಎರಡು ದಿನ ಅವರು ಕೆಳಗಿನ ಚೀಲಗಳನ್ನು ಅಟ್ಟಕ್ಕೆ ಹೊತ್ತು ಹಾಕಿದ್ದರು. ಮಾಲಕರು ಹೇಳಿದ್ದರೋ, ಇವರೇ ಮಾಡಿದರೋ ನನಗೆ ತಿಳಿಯದು. ಅವರ ಮುಕಾದಮ, ಅಂದರೆ ಗುಂಪಿನ ಹಿರಿಯ, ಆಗ ಬರಲೊಪ್ಪಲಿಲ್ಲ. ಇನ್ನೊಂದು ಸಾಲು ಚೀಲ ಉಳಿದಿವೆ, ಮಧ್ಯಾಹ್ನ ಬರುತ್ತೇನೆ ಎಂದ. ಅವನ ಹೆಂಡತಿಯೂ ಉಳಿದಳು. ಅವಳು ಅದೇ ವಖಾರದಲ್ಲಿ ತಂಬಾಕು ಸೋಸುವ ಕೆಲಸದವಳು.

ಹನ್ನೆರಡರ ಹೊತ್ತಿಗೆ ಮತ್ತೆ ಹೋದಾಗ ಮುಕಾದಮ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ. ಐವತ್ತೈದರ ಆಸುಪಾಸು. ದೊಡ್ಡ ಹೆಗಲು. ತನ್ನ ಕಾಲ ಮೇಲೆ ದೋಣಿಗೆ ಇಳಿಯಲು ಅವನಿಂದಾಗಲಿಲ್ಲ; ನಾನು ಕಂಕುಳಿಗೆ ಕೈ ಹಾಕಿ ಇಳಿಸಿದೆ. ಹೆಂಡತಿ ಹಿಂದೆಯೇ ಹತ್ತಿದಳು. ದೋಣಿ ಹೊರಡುವ ಮೊದಲೇ ಬದಿಗೆ ಬಾಗಿ ವಾಂತಿ ಮಾಡಿದ. ಮಳೆಯಲ್ಲಿ ತೊಯ್ದಿದ್ದರೂ ಹಣೆಯ ಮೇಲಿನದು ಬೆವರು ಎಂದು ಕೈಗೆ ಗೊತ್ತಾಗುತ್ತಿತ್ತು. ಬಾಯಲ್ಲಿ ಜೊಲ್ಲು. ಮೈ ನಡುಗುತ್ತಿತ್ತು. ಹಮಾಲರೆಲ್ಲ ಮಳೆಗೆ ಮಾಡುವಂತೆ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಕೊಪ್ಪೆ ಮಾಡಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟಿದ್ದ. ಅದು ಜಾರಿತ್ತು. ಗಾಯಾಳುವನ್ನು ಬೆಚ್ಚಗಿಡು ಎಂದು ಸೇನೆಯಲ್ಲೂ ಕಲಿಸಿದ್ದಾರೆ, ಕಾಲೇಜಿನಲ್ಲೂ ಕಲಿಸಿದ್ದಾರೆ. ಆ ಕೊಪ್ಪೆಯನ್ನು ನಾನೇ ಮೇಲೆಳೆದು, ಅವನ ಕತ್ತಿಗೆ ಬಿಗಿಯಾಗಿ ಸುತ್ತಿ, ಗಾಳಿಗೆ ಹಾರದಂತೆ ನನ್ನ ಕೈಯಿಂದ ಒತ್ತಿ ಹಿಡಿದೆ. ಶಾಲೆ ಬರುವವರೆಗೆ ಇಪ್ಪತ್ತು ನಿಮಿಷ ಹಾಗೆಯೇ ಹಿಡಿದಿದ್ದೆ. ಇದನ್ನು ಬರೆಯದೆ ಮುಂದೆ ಹೋಗಬಹುದಿತ್ತು. ಆದರೆ ನಡೆದದ್ದು ಹೀಗೆ.

ಶಾಲೆಯಲ್ಲಿ ಆರೋಗ್ಯ ಕೇಂದ್ರದ ನರ್ಸ್ ಒಬ್ಬರೇ ಇದ್ದರು. ರಾಯಬಾಗದವರು. ಎರಡು ದಿನದಿಂದ ಕೂತಿರಲಿಲ್ಲ. ಬೆಳಿಗ್ಗೆ ಬಂದ ಮೂವರು ಹಮಾಲರೂ ವಾಂತಿ ಮಾಡುತ್ತಿದ್ದಾರೆ, ತಲೆ ತಿರುಗುತ್ತಿದೆ ಎನ್ನುತ್ತಿದ್ದಾರೆ ಎಂದರು. ಅವರ ಅನುಮಾನ ಬೆಳಗಿನ ಖಿಚಡಿಯ ಮೇಲಿತ್ತು. ಬಿಸಿಯೂಟದ ಅಡುಗೆಯಾಕೆಯನ್ನು ಯಾರೋ ಆಗಲೇ ಕೇಳಿಯೂ ಬಿಟ್ಟಿದ್ದರು. ಆಕೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಕಾಲರಾ ಎನ್ನುವ ಮಾತು ವರಾಂಡದಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು.

ನಾನು ಮುಕಾದಮನನ್ನು ಬೆಂಚಿನ ಮೇಲೆ ಮಲಗಿಸಿ ನಾಡಿ ಹಿಡಿದೆ. ಐವತ್ತೆರಡು. ಅಷ್ಟು ವಾಂತಿಯಾದವನ ನಾಡಿ ಓಡಬೇಕು, ಇದು ನಡೆಯುತ್ತಿತ್ತು. ಅವನು ಆ ಖಿಚಡಿಯನ್ನು ತಿಂದೇ ಇರಲಿಲ್ಲ. ತಿಂದ ನೂರಾರು ಮಂದಿ, ಮಕ್ಕಳು ಸೇರಿ, ಚೆನ್ನಾಗಿದ್ದರು. ಇದನ್ನು ನರ್ಸ್‌ಗೆ ಗಟ್ಟಿಯಾಗಿ, ಅಡುಗೆಯಾಕೆಗೆ ಕೇಳುವಂತೆ ಹೇಳಿದೆ. ಆಕೆ ಒಳಗೆ ಹೋದಳು.

ಆಗ ನನ್ನ ತಲೆಗೆ ಬಂದದ್ದು ಬೆಳೆಗೆ ಹೊಡೆಯುವ ಕೀಟನಾಶಕ. ವಾರ್ಡಿನಲ್ಲಿ ತಿಂಗಳಿಗೆ ಎಷ್ಟೋ ನೋಡುತ್ತೇವೆ: ಜೊಲ್ಲು, ಬೆವರು, ವಾಂತಿ, ನಿಧಾನದ ನಾಡಿ. ನೀರಿನ ಮೇಲೆ ಔಷಧಿಯ ಡಬ್ಬಿಗಳು ತೇಲುವುದನ್ನು ಬೆಳಿಗ್ಗೆಯೇ ನೋಡಿದ್ದೆ. ಆ ನಂಜಿಗೆ ಕೊಡುವ ಚುಚ್ಚುಮದ್ದು ಅಟ್ರೋಪಿನ್ ನರ್ಸ್ ಹತ್ತಿರ ಹತ್ತು ಆಂಪೂಲ್ ಇತ್ತು. ನಿಜವಾಗಿ ಕೀಟನಾಶಕವಾಗಿದ್ದರೆ ಅದು ಒಂದು ಗಂಟೆಗೆ ಸಾಲದು. ಅವನನ್ನು ದಾಟಿಸಿ ವೆಂಟಿಲೇಟರ್ ಇರುವಲ್ಲಿಗೆ ಕಳಿಸಲೇಬೇಕು. ಆದರೆ ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿರಲಿಲ್ಲ. ಎದೆಗೆ ಕಿವಿಯೊಡ್ಡಿದರೆ ಉಸಿರು ಸ್ವಚ್ಛವಾಗಿತ್ತು. ಔಷಧಿಯ ನಾತವೂ ಇಲ್ಲ. ಬರುತ್ತಿದ್ದದ್ದು ತಂಬಾಕಿನ ವಾಸನೆ ಮಾತ್ರ. ಆ ಊರಿನಲ್ಲಿ ಗೋಡೆಗೂ ಬಟ್ಟೆಗೂ ಬುತ್ತಿಗೂ ಅದೇ ವಾಸನೆ. ನಾನೂ ಇದೇ ಸೀಮೆಯವನು. ನನ್ನ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸುಬೇದಾರರು ಬಂದು ಬದಿಗೆ ಕರೆದರು. ಟ್ಯಾಂಕಿನಲ್ಲಿ ಒಂದು ಸುತ್ತಿಗೆ ಆಗುವಷ್ಟೇ ಪೆಟ್ರೋಲ್ ಇದೆ. ಸಂಜೆಗೆ ಇನ್ನೊಂದು ದೋಣಿ ತರುತ್ತದೆ. ಅಲ್ಲಿಯವರೆಗೆ ರೋಗಿಯನ್ನು ರಸ್ತೆಗೆ ದಾಟಿಸಬಹುದು, ಇಲ್ಲವೆ ತೋಟದ ಮನೆಯೊಂದರ ಚಾವಣಿಯ ಮೇಲಿರುವ ಹದಿನಾರು ಮಂದಿಯನ್ನು ತರಬಹುದು. ಎರಡೂ ಆಗುವುದಿಲ್ಲ. ನೀರು ಏರುತ್ತಿದೆ. ಹತ್ತು ನಿಮಿಷದಲ್ಲಿ ಹೇಳು ಎಂದರು.

ನೆಟ್‌ವರ್ಕ್ ಸಿಗುತ್ತಿದ್ದದ್ದು ಶಾಲೆಯ ತಾರಸಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಪ್ರೊಫೆಸರರಿಗೆ ಫೋನ್ ಮಾಡಿದೆ. ನಾಡಿ, ಪಾಪೆ, ಎದೆ, ಉಸಿರು, ಎಲ್ಲ ವಾರ್ಡಿನಲ್ಲಿ ಹೇಳುವ ಕ್ರಮದಲ್ಲೇ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ನಂಜು ಹೌದು, ಆದರೆ ನೀನು ಹೇಳುತ್ತಿರುವ ನಂಜು ಅಲ್ಲ ಅನ್ನಿಸುತ್ತದೆ ಎಂದರು. ಕಳಿಸಲೇ ಎಂದು ಕೇಳಿದೆ.

"ನೀನು ಅಲ್ಲಿದ್ದೀಯಪ್ಪ. ನಾನಿಲ್ಲ. ಇನ್ನೊಂದು ಸಲ ನೋಡು, ಕಾಲಿನಿಂದ ತಲೆತನಕ" ಎಂದರು.

ಮೆಟ್ಟಿಲಿಳಿದು ಬಂದಾಗ ಮುಕಾದಮನ ಹೆಂಡತಿ ವರಾಂಡದ ಅಂಚಿನಲ್ಲಿ ನಿಂತು ಕೊಪ್ಪೆಯನ್ನು ಹಿಂಡುತ್ತಿದ್ದಳು. ಹಿಂಡಿದ ನೀರು ಚಹಾದ ಡಿಕಾಕ್ಷನ್ನಿನಂತೆ ಕಂದಾಗಿ ಇಳಿಯುತ್ತಿತ್ತು. ಹಿಂಡಿ, ಕೊಡವಿ, ಅವಳು ಅದನ್ನು ಮತ್ತೆ ಗಂಡನ ಎದೆಯ ಮೇಲೆ ಹೊದಿಸಿದಳು. ನಾನು ಆ ನೀರನ್ನು ನೋಡುತ್ತ ನಿಂತುಬಿಟ್ಟೆ. ಈ ಚೀಲ ಎಲ್ಲಿಯದು ಎಂದು ಕೇಳಿದೆ.

"ವಖಾರದ್ದ ರೀ. ಮಳ್ಯಾಗ ಎಲ್ಲಾರೂ ಅದನ್ನ ಕೊಪ್ಪಿ ಮಾಡ್ಕೊಂತಾರ" ಎಂದಳು.

ತಂಬಾಕು ತುಂಬಿದ್ದ ಚೀಲವೇ ಎಂದು ಕೇಳಿದೆ. ಮತ್ತೇನು ಜೋಳ ತುಂಬಿರುತ್ತಾರೆಯೇ ಎನ್ನುವಂತೆ ನನ್ನ ಮುಖ ನೋಡಿದಳು. ಎಷ್ಟು ಹೊತ್ತಿನಿಂದ ಹೊದ್ದಿದ್ದಾನೆ? ನಿನ್ನೆ ಮೊನ್ನೆಯಿಂದ. ಹೊತ್ತ ಚೀಲಗಳೂ ತೊಯ್ದಿದ್ದವೇ? ತೊಯ್ದು ಬೆನ್ನ ಮೇಲೆಲ್ಲ ಇಳಿಯುತ್ತಿತ್ತು. ಹಾಗಾದರೆ ತಂಬಾಕು ತಲೆಗೇರಿರಬಹುದಲ್ಲ ಎಂದೆ. ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರಿಗೆ ಮೊದಲ ವಾರ ತಲೆ ಸುತ್ತಿ ವಾಂತಿಯಾಗುವುದು ಆ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಅವಳಿಗೆ ಸಿಟ್ಟು ಬಂತು.

"ಅದು ಹೊಸಬರಿಗೆ ಏರತೈತ್ರಿ. ಇಂವ ಮೂವತ್ತ ವರ್ಷ ಅದರಾಗ ಬಿದ್ದ ಹೊರಳ್ಯಾಡ್ಯಾನ. ಇವಗ ಹೆಂಗ ಏರತೈತಿ?"

ಒಣ ತಂಬಾಕಿನ ಮಾತು ಬೇರೆ. ನೆನೆದ ತಂಬಾಕಿನ ಸತ್ವ ನೀರಿಗೆ ಇಳಿಯುತ್ತದೆ. ತೊಯ್ದ ಚರ್ಮ ಅದನ್ನು ಕುಡಿಯುತ್ತದೆ. ನಂಜಿನ ಅಧ್ಯಾಯದಲ್ಲಿ ಇದರ ಬಗ್ಗೆ ಕೆಲವೇ ಸಾಲುಗಳಿದ್ದವು. ಪರೀಕ್ಷೆಗೆ ಬರುವುದಿಲ್ಲ ಎಂದು ಒಂದೇ ಸಲ ಓದಿದ್ದೆ. ಈಗ ನೆನಪಾದದ್ದು ಮೂರು ಮಾತು: ಬಟ್ಟೆ ತೆಗೆ, ಸೋಪು ಹಚ್ಚಿ ತೊಳೆ, ಉಸಿರು ಕಾಯಿ. ನಾನು ಕೊಪ್ಪೆಯನ್ನು ಅವನ ಮೇಲಿಂದ ಎಳೆದು ಅಂಗಳಕ್ಕೆ ಎಸೆದೆ. ಇಪ್ಪತ್ತು ನಿಮಿಷ ಅದನ್ನೇ ಒತ್ತಿ ಹಿಡಿದಿದ್ದ ಕೈ ಅದು.

ಸುಬೇದಾರರು ಬಾಗಿಲಲ್ಲಿದ್ದರು. ಕಾರಣ ಸಿಕ್ಕಿದೆ ಅನ್ನಿಸುತ್ತದೆ ಎಂದು ಹೇಳಿದೆ.

"ಅನಸತೈತಿ ಅಂದ್ರ? ಖಾತ್ರಿ ಐತೇನ?"

"ಇಲ್ರಿ ಸಾಹೇಬ್ರ."

ಅವರು ಒಳಗೆ ಬಂದು ನನ್ನೆದುರು ನಿಂತರು. "ಕಾಟಾದ ಮ್ಯಾಲ ಗಾಡಿ ಹತ್ತಿದ ಮ್ಯಾಲ ತೂಕಾ ಹೇಳಲೇಬೇಕ ಡಾಕ್ಟರ. ನೋಡೋಣು ಅನ್ನಾಕ ಬರಂಗಿಲ್ಲ."

ಅವನನ್ನು ದೋಣಿಗೆ ಹಾಕಿದರೆ ತೊಳೆಯದ ಮೈಯಲ್ಲೇ ಒಂದು ಗಂಟೆ ಹೋಗುತ್ತದೆ. ಹಳ್ಳದ ಸೆಳವಿನಲ್ಲಿ ಉಸಿರು ನಿಂತರೆ ನಾನು ಏನೂ ಮಾಡಲಾರೆ. ಇಲ್ಲಿಟ್ಟುಕೊಂಡು ನಾನು ತಪ್ಪಿದ್ದರೆ, ಸಂಜೆಯವರೆಗೆ ದೋಣಿಯೇ ಇಲ್ಲ.

"ಇಲ್ಲೇ ಇರ್ಲಿ. ಬೋಟ ತೋಟಕ್ಕ ಹೋಗ್ಲಿ" ಎಂದೆ.

ಅವರು ನನ್ನ ಜಾಗಕ್ಕೆ ಬೇರೊಬ್ಬ ಜವಾನನನ್ನು ಕರೆದುಕೊಂಡು ಹೋದರು. ಇಂಜಿನ್ನಿನ ಸದ್ದು ದೂರವಾಗುವುದನ್ನು ಕೇಳಿದೆ. ನನ್ನ ಹೊಟ್ಟೆ ತೊಳಸುತ್ತಿತ್ತು. ಹೆದರಿಕೆ ಎಂದುಕೊಂಡೆ.

ಕೈಪಂಪಿನ ಹತ್ತಿರ ನಾಲ್ವರನ್ನೂ ಸಾಲಾಗಿ ಕೂರಿಸಿದೆವು. ನರ್ಸ್ ತೊಳೆಯುವವರಿಗೆಲ್ಲ ಕೈಗವಸು ಹಾಕಿಸಿದರು. ಪರಿಹಾರದ ಚೀಲಗಳಲ್ಲಿದ್ದ ಮೈಸೋಪುಗಳನ್ನು ಒಡೆದು ತಂದರು. ಮುಕಾದಮನ ಹೆಂಡತಿ ಮೊದಲು ಒಪ್ಪಲಿಲ್ಲ. ಇಷ್ಟು ಹೆಣ್ಣುಮಕ್ಕಳ ಮುಂದೆ ಗಂಡಸನ್ನು ಬತ್ತಲೆ ಮಾಡಿ ಕೂರಿಸುವುದೇ ಎಂದು ಜಗಳಕ್ಕೆ ನಿಂತಳು. ಆಗ ಅಡುಗೆಯಾಕೆ ಒಳಗಿನಿಂದ ಎರಡು ಸೀರೆ ತಂದು ಒಂದು ತುದಿಯನ್ನು ಅವಳ ಕೈಗೇ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಮುಖ ಆಚೆ ತಿರುಗಿಸಿ ನಿಂತಳು. ಆ ಪರದೆಯ ಹಿಂದೆ ಕೂದಲು, ಕಿವಿಯ ಹಿಂದೆ, ಕಂಕುಳು, ಉಗುರಿನ ಸಂದಿ ಎಲ್ಲವನ್ನೂ ಮೂರು ಸಲ ತೊಳೆದೆವು. ಮೊದಲ ಸಲದ ನೀರು ಕಂದಾಗಿತ್ತು. ಎರಡನೆಯದು ತಿಳಿ ಚಹಾದಂತೆ. ಮೂರನೆಯದರಲ್ಲಿ ಬರೀ ನೊರೆ. ಬಟ್ಟೆಗಳನ್ನೂ ಕೊಪ್ಪೆಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ದೂರ ಇಟ್ಟೆವು. ಮುಕಾದಮನಿಗೆ ನನ್ನ ಚೀಲದಲ್ಲಿದ್ದ ವ್ಯಾಯಾಮದ ಬನಿಯನ್ನು, ಚಡ್ಡಿ ಹಾಕಿಸಿ ಒಣ ಕಂಬಳಿ ಹೊದಿಸಿದೆ.

ನಾಡಿ ನಲವತ್ನಾಲ್ಕು. ಇಳಿದಿತ್ತು. ಒಂದು ಆಂಪೂಲ್ ಅಟ್ರೋಪಿನ್ ಕೊಟ್ಟೆ, ನಾಡಿಗಾಗಿ ಮಾತ್ರ. ಹತ್ತು ನಿಮಿಷಕ್ಕೆ ಅರವತ್ತು. ಜೊಲ್ಲೂ ಕಡಿಮೆಯಾಯಿತು. ನರ್ಸ್ ಉಸ್ಸೆಂದು ಕೂತರು. ನಾನು ಕೂರಲಿಲ್ಲ. ನಾಡಿ ಏರಿಸುವುದು, ಬಾಯಿ ಒಣಗಿಸುವುದು ಎರಡೂ ಆ ಚುಚ್ಚುಮದ್ದಿನ ಕೆಲಸವೇ. ಅವನು ಸುಧಾರಿಸಿದನೋ, ಮದ್ದು ಹಾಗೆ ತೋರಿಸುತ್ತಿದೆಯೋ ಹೇಳುವಂತಿರಲಿಲ್ಲ. ನಾನು ನೋಡಬೇಕಾದದ್ದು ಎರಡೇ: ಅವನ ಉಸಿರು ಮತ್ತು ಕೈಯ ಬಲ. ಐದು ನಿಮಿಷಕ್ಕೊಮ್ಮೆ ಉಸಿರೆಣಿಸಿ, ನನ್ನ ಎರಡು ಬೆರಳು ಅವನ ಅಂಗೈಯಲ್ಲಿಟ್ಟು ಹಿಚುಕು ಎನ್ನುತ್ತಿದ್ದೆ. ಮೊದಲ ಸಲ ಮಗುವಿನಷ್ಟು ಬಲ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಇನ್ನೂ ಕಡಿಮೆ ಅನ್ನಿಸಿತು. ಕಿಟಕಿಯಿಂದ ನೀರಿನ ಕಡೆ ನೋಡಿದೆ. ದೋಣಿ ಎಲ್ಲೂ ಇರಲಿಲ್ಲ. ಕಳಿಸಬೇಕಿತ್ತೇನೋ ಎಂದು ಆ ಹೊತ್ತಿನಲ್ಲಿ ಎಷ್ಟು ಸಲ ಅನ್ನಿಸಿತೆಂದು ನಾನು ಎಣಿಸಿಲ್ಲ.

ನನಗೆ ಧೈರ್ಯ ಬಂದದ್ದು ಉಳಿದ ಮೂವರಿಂದ. ಅವರಿಗೆ ಸೂಜಿ ಹಾಕಿರಲಿಲ್ಲ, ಬರೀ ಸ್ನಾನ. ಮುಕ್ಕಾಲು ಗಂಟೆಯಲ್ಲಿ ಮೂವರ ವಾಂತಿಯೂ ನಿಂತಿತು. ಒಬ್ಬ ಎದ್ದು ಕೂತು, ತಲೆ ಹಗುರಾಯಿತು ಎಂದ. ಇನ್ನೊಬ್ಬ ಹಸಿವೆ ಎಂದ. ಆಗ ನನ್ನ ಹೊಟ್ಟೆ ತೊಳಸುವುದೂ ಬರೀ ಹೆದರಿಕೆಯಲ್ಲದಿರಬಹುದು ಎಂದು ಹೊಳೆದು, ಅಂಗಿ ಬಿಚ್ಚಿ ಕೈ, ಎದೆ ತೊಳೆದುಕೊಂಡು ಬಂದೆ.

ಹತ್ತನೇ ಸಲ ಬೆರಳಿಟ್ಟಾಗ ಮುಕಾದಮ ಹಿಚುಕಿದ್ದು ನೋವಾಯಿತು. ಕೈ ಎಳೆದುಕೊಂಡೆ. ಅವನು ಕಣ್ಣು ಬಿಟ್ಟು ಸುತ್ತ ನೋಡಿ, ನನ್ನನ್ನು ಹತ್ತಿರ ಕರೆದು, ಹೆಂಡತಿಗೆ ಕೇಳದಂತೆ ಸಣ್ಣ ದನಿಯಲ್ಲಿ ಕೇಳಿದ:

"ಸಾಹೇಬ್ರ, ಒಂದ ಚಿಟಿಕಿ ತಂಬಾಕ ಸುಣ್ಣ ಸಿಗತೈತೇನ್ರಿ?"

ಅವಳಿಗೆ ಕೇಳಿಸಿತು. ಎದ್ದು ಬಂದು, ಹಸಿರು ಬನಿಯನ್ನಿನಲ್ಲಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಮೈಯಾಗಿಂದ ಒಂದ ಚೀಲ ಹಿಂಡಿ ತಗದಾರ, ಇನ್ನೂ ಸಾಲ್ದೇನ ನಿನಗ? ಮಿಲ್ಟ್ರಿ ಅಂಗಿ ಹಾಕ್ಕೊಂಡ ಬಿಟ್ಟಿ, ಇನ್ನ ಗಡಿಗೆ ಹೋಗ" ಎಂದಳು. ಹೇಳಿ ಮುಗಿಸಿ, ಅವನ ಕಾಲ ಹತ್ತಿರ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

ಮೂರೂವರೆಗೆ ದೋಣಿ ಬಂತು. ಹದಿನಾರು ಮಂದಿಯೂ ಇದ್ದರು. ಇಳಿಯುವವರಲ್ಲಿ ಇಬ್ಬರ ತಲೆಯ ಮೇಲೆ ಅದೇ ಚೀಲದ ಕೊಪ್ಪೆ. ತೆಗೆಯಿರಿ ಎಂದೆ. ಮಳೆ ನಿಮ್ಮಪ್ಪ ತಡೀತಾನೇನು ಎಂದು ಒಬ್ಬ ಮುದುಕ ಕೇಳಿದ. ಮುಕಾದಮನ ಹೆಂಡತಿ ವರಾಂಡದಿಂದಲೇ ಅವನಿಗೆ ಉತ್ತರ ಕೊಟ್ಟಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಮುದುಕ ಕೊಪ್ಪೆ ಕೆಳಗಿಟ್ಟ.

ಐದು ಗಂಟೆಗೆ ಮುಕಾದಮನ ನಾಡಿ ಎಪ್ಪತ್ತು, ಉಸಿರು ಹದಿನೆಂಟು. ಚುಚ್ಚುಮದ್ದಿನ ಜೋರು ಇಳಿದಿರಬೇಕಾದ ಹೊತ್ತಿನಲ್ಲೂ ನಾಡಿ ಕುಸಿಯಲಿಲ್ಲ. ಗೋಡೆ ಹಿಡಿದು ನಡೆದು, ತಾನೇ ಅಡುಗೆಮನೆಯ ಬಾಗಿಲಿಗೆ ಹೋಗಿ ತಟ್ಟೆ ಚಾಚಿದ. ಅಡುಗೆಯಾಕೆ ಖಿಚಡಿಯನ್ನು ಎರಡು ಸೌಟು ಹೆಚ್ಚಾಗಿಯೇ ಹಾಕಿದಳು. ಮರುದಿನ ಚಿಕ್ಕೋಡಿಯಿಂದ ಬಂದ ವೈದ್ಯರು ಅವನನ್ನು ಪರೀಕ್ಷಿಸಿ, ನಾನು ಬರೆದಿಟ್ಟ ಚೀಟಿ ಓದಿ, ಇಲ್ಲಿಯೇ ಇರಲಿ ಎಂದರು.

ಆದರೆ ಅದು ಮರುದಿನದ ಮಾತು. ಆ ಸಂಜೆ ಸುಬೇದಾರರು ಮಾಸ್ತರರ ಮೇಜಿನ ಮೇಲೆ ದಿನದ ವರದಿ ಬರೆಯಲು ಕೂತರು. ಇಷ್ಟು ಸುತ್ತು, ಇಷ್ಟು ಜನ, ಇಷ್ಟು ಪೆಟ್ರೋಲ್. ಆಚೆ ದಡಕ್ಕೆ ಕಳಿಸಿದ ರೋಗಿಗಳು ಎಂಬ ಕಡೆ ಬಂದಾಗ ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಸೊನ್ನೆ ಬರೆದು, ಅದರ ಎದುರು ನಿನ್ನ ಸಹಿ ಮಾಡು ಎಂದು ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಪೆನ್ನು ಹಿಡಿದಾಗಲೇ ಗೊತ್ತಾದದ್ದು, ನನ್ನ ಕೈ ನಡುಗುತ್ತಿದೆ. ಮಧ್ಯಾಹ್ನ ಸೂಜಿ ಚುಚ್ಚುವಾಗ ನಡುಗದ ಕೈ ಈಗ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಮಣಿಕಟ್ಟು ಹಿಡಿದು ಹೆಸರು ಬರೆದೆ. ಒಂದಕ್ಷರವೂ ಓದುವಂತಿರಲಿಲ್ಲ. ಇನ್ನೊಮ್ಮೆ ಬರೆಯಲೇ ಎಂದು ಕೇಳಿದೆ.

ಸುಬೇದಾರರು ಕಾಗದವನ್ನು ದೀಪದ ಕಡೆ ಹಿಡಿದು ನೋಡಿ, ಮಡಿಚಿ ಜೇಬಿಗೆ ಹಾಕಿಕೊಂಡರು.

"ಇರ್ಲಿ ಬಿಡು" ಎಂದರು. "ಡಾಕ್ಟರ್ ಮಂದಿ ಸಹಿ ಹಿಂಗ ಇರತೈತಿ."